ಸಿ-ರೋಡ್ಸ್ ಮತ್ತು ‘ವರ್ಲ್ಡ್ ಕ್ಲೈಮೇಟ್’ ಆಟ: ಕಾಲೇಜಿನಲ್ಲಿ ಆಡಿಸುವವರಿಗೊಂದು ವಿಮರ್ಶೆ

ಡಿಗ್ರಿ ಕಾಲೇಜುಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಗಿ ಎರಡು ದಶಕ ದಾಟಿತು. ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿ, 2003ರಲ್ಲಿ ಮತ್ತೊಮ್ಮೆ ಗದರಿದ ಮೇಲೆ ಯುಜಿಸಿ ಪಠ್ಯಕ್ರಮ ಕೊಟ್ಟಿತು. ಅದರಿಂದ ತರಗತಿಯಲ್ಲಿ ಉಳಿದದ್ದು ಓಝೋನ್ ಪದರದ ಚಿತ್ರ, ಆಮ್ಲಮಳೆಗೆ ಐದು ಅಂಕದ ಟಿಪ್ಪಣಿ, ಜೂನ್ 5ಕ್ಕೆ ಸಸಿ ಹಿಡಿದುಕೊಂಡ ಗುಂಪು ಫೋಟೊ. ಇನ್ನೊಂದು ತುದಿಯಲ್ಲಿ ಮಾಡೆಲ್ ಯುಎನ್ ಇದೆ, ವಿದ್ಯಾರ್ಥಿಗಳು ದೇಶಗಳ ಪ್ರತಿನಿಧಿಗಳಾಗಿ ವಿಶ್ವಸಂಸ್ಥೆಯ ಸಭೆಯಂತೆ ನಡೆಸುವ ಸ್ಪರ್ಧೆ. ಅಲ್ಲಿ ಜಾಗತಿಕ ರಾಜಕೀಯವೇನೋ ಬರುತ್ತದೆ, ಆದರೆ ಇಂಗ್ಲಿಷ್ ಸರಾಗವಾಗಿ ಬರುವವರು ಕೋಟು ಹಾಕಿಕೊಂಡು ಬಹುಮಾನ ಒಯ್ಯುತ್ತಾರೆ. ಅವರು ಮಂಡಿಸಿದ ನಿರ್ಣಯದಿಂದ ಭೂಮಿಯ ತಾಪ ಎಷ್ಟು ಇಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ದೇಶಗಳು ಬಿಡುವ ಹೊಗೆಯಿಂದ ಭೂಮಿಯ ತಾಪ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ಸಿ-ರೋಡ್ಸ್ ಎಂಬ ಉಚಿತ ಸಾಧನವೂ ಅದರ ಮೇಲೆ ಕಟ್ಟಿದ ‘ವರ್ಲ್ಡ್ ಕ್ಲೈಮೇಟ್’ ಎಂಬ ಆಟವೂ ಕೇಳುವುದು ಇದನ್ನೇ.

ಇದನ್ನು ರೂಪಿಸಿದ್ದು ಅಮೆರಿಕದ ಕ್ಲೈಮೇಟ್ ಇಂಟರಾಕ್ಟಿವ್ ಎಂಬ ಲಾಭರಹಿತ ಸಂಸ್ಥೆ. ಜೊತೆಗೆ ಎಂಐಟಿ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆ ಮತ್ತು ವೆಂಟಾನಾ ಸಿಸ್ಟಮ್ಸ್ ಕೈಜೋಡಿಸಿವೆ. ಬ್ರೌಸರ್‌ನಲ್ಲಿ ತೆರೆದರೆ ಸಾಕು. ಡೌನ್‌ಲೋಡ್, ಪಾಸ್‌ವರ್ಡ್, ಶುಲ್ಕ ಯಾವುದೂ ಇಲ್ಲ. ಇದೇ ತಂಡದ ಎನ್-ರೋಡ್ಸ್ ಎಂಬ ಇನ್ನೊಂದು ಸಾಧನ 2019ರ ಕೊನೆಗೆ ಬಂತು, ಈಗ ಹೆಚ್ಚು ಹೆಸರು ಮಾಡಿರುವುದೂ ಅದೇ. ಆದರೂ ನಮ್ಮ ಕಾಲೇಜುಗಳಿಗೆ ಮೊದಲು ಸಿ-ರೋಡ್ಸ್ ಬೇಕು, ಎನ್-ರೋಡ್ಸ್ ಆಮೇಲೆ ಬರಲಿ. ಎನ್-ರೋಡ್ಸ್‌ನಲ್ಲಿ ಇಡೀ ಜಗತ್ತು ಒಂದೇ ಮುದ್ದೆ, ದೇಶಗಳೇ ಇಲ್ಲ. ಸಿ-ರೋಡ್ಸ್‌ನಲ್ಲಿ ಭಾರತಕ್ಕೆ ಸ್ವಂತ ಕುರ್ಚಿ ಇದೆ, ಎದುರಿಗೆ ಅಮೆರಿಕ ಕೂತಿರುತ್ತದೆ. ಹತ್ತೊಂಬತ್ತು ವರ್ಷದ ಹುಡುಗ ಹುಡುಗಿಯರಿಗೆ ರಕ್ತ ಬಿಸಿಯಾಗುವುದು ಅಲ್ಲಿ.

ಆಟದ ಚೌಕಟ್ಟು ಸರಳ. ತರಗತಿಯನ್ನು ಆರು ಗುಂಪು ಮಾಡಬೇಕು: ಅಮೆರಿಕ, ಐರೋಪ್ಯ ಒಕ್ಕೂಟ, ಇತರ ಅಭಿವೃದ್ಧಿ ಹೊಂದಿದ ದೇಶಗಳು, ಚೀನಾ, ಭಾರತ, ಇತರ ಅಭಿವೃದ್ಧಿಶೀಲ ದೇಶಗಳು. ಇಪ್ಪತ್ತಕ್ಕಿಂತ ಕಡಿಮೆ ಮಂದಿ ಇದ್ದರೆ ಮೂರೇ ಗುಂಪಿನ ಆವೃತ್ತಿಯೂ ಇದೆ, ಆದರೆ ಅದರಲ್ಲಿ ಜಗಳದ ರುಚಿ ಅರ್ಧ. 56 ಮಂದಿಯ ತರಗತಿಗೆ ಈ ಹಂಚಿಕೆ ಚೆನ್ನಾಗಿ ಕೂರುತ್ತದೆ: ಅಮೆರಿಕಕ್ಕೆ 6, ಯುರೋಪಿಗೆ 6, ಇತರ ಶ್ರೀಮಂತ ದೇಶಗಳಿಗೆ 5, ಚೀನಾಕ್ಕೆ 8, ಭಾರತಕ್ಕೆ 9, ಉಳಿದ ಬಡ ದೇಶಗಳಿಗೆ 14; ಮಿಕ್ಕ ಎಂಟು ಜನರಲ್ಲಿ ಮೂವರು ತೈಲ-ಕಲ್ಲಿದ್ದಲು ಕಂಪನಿಗಳ ಲಾಬಿಗಾರರು, ಮೂವರು ಹೋರಾಟಗಾರರು, ಇಬ್ಬರು ವರದಿಗಾರರು. ಲಾಬಿಗಾರರ ಪಾತ್ರವನ್ನು ಬಿಟ್ಟುಬಿಡುವ ಆಸೆ ಬರುತ್ತದೆ, ಬಿಡಬೇಡಿ. ತರಗತಿಯ ಅತಿ ತುಂಟರಿಗೆ ಅದನ್ನು ಕೊಟ್ಟರೆ ಎರಡನೇ ಸುತ್ತಿನಲ್ಲಿ ಅರ್ಧ ಒಪ್ಪಂದ ಅವರೇ ಮುರಿಯುತ್ತಾರೆ. ನಿಜದ ಸಮ್ಮೇಳನಗಳಲ್ಲೂ ಅವರು ಸುಮ್ಮನೆ ಕೂರುವವರಲ್ಲ.

ಪ್ರತಿ ಗುಂಪು ಒಂದು ಹಾಳೆಯಲ್ಲಿ ಆರು ಉತ್ತರ ಬರೆದು ಕೊಡಬೇಕು. ನಿಮ್ಮ ಇಂಗಾಲದ ಹೊರಸೂಸುವಿಕೆ ಏರುವುದು ಯಾವ ವರ್ಷಕ್ಕೆ ನಿಲ್ಲುತ್ತದೆ? ಇಳಿಯಲು ಶುರುವಾಗುವುದು ಯಾವ ವರ್ಷ? ಇಳಿಯುವುದು ವರ್ಷಕ್ಕೆ ಶೇಕಡಾ ಎಷ್ಟು? ಕಾಡು ಕಡಿಯುವುದನ್ನು ತಡೆಯಲು 0ಯಿಂದ 100ರ ಅಳತೆಯಲ್ಲಿ ಎಷ್ಟು ಶ್ರಮ? ಹೊಸ ಕಾಡು ಬೆಳೆಸಲು ಅದೇ ಅಳತೆಯಲ್ಲಿ ಎಷ್ಟು? ಕೊನೆಯದು ಹಣ: ಬಡ ದೇಶಗಳ ಹವಾಮಾನ ನಿಧಿಗೆ ವರ್ಷಕ್ಕೆ ಎಷ್ಟು ಕೋಟಿ ಡಾಲರ್ ಕೊಡುತ್ತೀರಿ, ಅಥವಾ ಎಷ್ಟು ಕೇಳುತ್ತೀರಿ? ಮೊದಲ ಐದನ್ನು ಸಿ-ರೋಡ್ಸ್‌ಗೆ ತುಂಬಿದರೆ 2100ನೇ ಇಸವಿಯ ತಾಪಮಾನ ಪರದೆಯ ಮೇಲೆ ಬರುತ್ತದೆ. ಗುರಿ ಪ್ಯಾರಿಸ್ ಒಪ್ಪಂದದ್ದೇ: ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ 2 ಡಿಗ್ರಿಯೊಳಗೆ, ಸಾಧ್ಯವಾದರೆ 1.5ರೊಳಗೆ. ಹಣದ ಅಂಕಿ ಮಾತ್ರ ಲೆಕ್ಕಕ್ಕೆ ಸೇರುವುದಿಲ್ಲ; ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಕೂಡಿಸುತ್ತಾ ಹೋಗಬೇಕು, ಅದು ಚೌಕಾಸಿಯ ಕಾಯಿ. ನಿಮ್ಮ ಕೈಲಿರುವ ಹಳೆಯ ಕಾಗದಗಳಲ್ಲಿ ವರ್ಷಕ್ಕೆ 100 ಶತಕೋಟಿ ಡಾಲರ್ ಎಂದಿದ್ದರೆ ಅದು 2009ರ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದ ಮಾತು. 2024ರಲ್ಲಿ ಬಾಕು ಸಮ್ಮೇಳನ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಎಂದಿದೆ, ಭಾರತ ಅಲ್ಲೇ ಎದ್ದು ಅದು ಸಾಲದು ಎಂದಿತ್ತು. ತಿದ್ದಿಕೊಳ್ಳಿ.

ಇನ್ನು ಎಡವುವ ಜಾಗಗಳು. ಮೊದಲನೆಯದು ಭಾರತದ ಮೇಜಿನಲ್ಲೇ ಆಗುತ್ತದೆ. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಭಾರತ 2070ಕ್ಕೆ ನೆಟ್ ಝೀರೊ (ಬಿಡುವಷ್ಟನ್ನೂ ಹೀರಿಸಿ ನಿವ್ವಳ ಸೊನ್ನೆ) ಎಂದು ಸಾರಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಏರಿಕೆ ನಿಲ್ಲುವ ವರ್ಷದ ಖಾನೆಯಲ್ಲಿ 2070 ಎಂದು ಬರೆದುಬಿಡುತ್ತಾರೆ. ಆ ಖಾನೆಗೆ ಅದರ ಅರ್ಥ, 2070ರವರೆಗೂ ಏರುತ್ತಲೇ ಇರುತ್ತದೆ ಎಂದು! ಗ್ರಾಫ್‌ನಲ್ಲಿ ಭಾರತದ ಗೆರೆ ಗುಡ್ಡ ಹತ್ತುವುದು ನೋಡಿ ಇತರರು ಬೊಬ್ಬೆ ಹಾಕಿದಾಗ ತಪ್ಪು ತಿಳಿಯುತ್ತದೆ. 2070ಕ್ಕೆ ಸೊನ್ನೆಯ ಹತ್ತಿರ ಬರಬೇಕಾದರೆ ಏರಿಕೆ ಅದಕ್ಕಿಂತ ಎಷ್ಟೋ ಮೊದಲು ನಿಲ್ಲಬೇಕು. 2040ರಿಂದ ವರ್ಷಕ್ಕೆ ಶೇ 5ರಂತೆ ಇಳಿಸಿದರೂ 2070ರಲ್ಲಿ ಶೇ 21ಕ್ಕಿಂತ ಹೆಚ್ಚು ಉಳಿದಿರುತ್ತದೆ. ಶೇ 10 ಎಂದರೆ ಸುಮಾರು 4.

ಈ ಶೇಕಡಾವಾರು ಲೆಕ್ಕ ಎರಡನೆಯ ಗುಂಡಿ. ವರ್ಷಕ್ಕೆ ಶೇ 2 ಇಳಿಸಿದರೆ ಐವತ್ತು ವರ್ಷದಲ್ಲಿ ಪೂರ್ತಿ ಸೊನ್ನೆ ಎಂದು ಕಾಮರ್ಸ್ ವಿದ್ಯಾರ್ಥಿಗಳೂ ಹೇಳುತ್ತಾರೆ, ಚಕ್ರಬಡ್ಡಿ ಕಲಿತವರು! ಉಳಿಕೆಯ ಮೇಲಷ್ಟೇ ಶೇಕಡಾ ಬೀಳುವುದರಿಂದ 50 ವರ್ಷದ ನಂತರವೂ ಶೇ 36 ಉಳಿದಿರುತ್ತದೆ. ಆಟಕ್ಕೆ ಮುಂಚೆ ಬೋರ್ಡಿನ ಮೇಲೆ ಒಂದು ಚಿಕ್ಕ ಪಟ್ಟಿ ಬರೆದಿಡಿ: ಇಪ್ಪತ್ತು ವರ್ಷದಲ್ಲಿ ಶೇ 2ಕ್ಕೆ 67 ಉಳಿಯುತ್ತದೆ, ಶೇ 5ಕ್ಕೆ 36, ಶೇ 10ಕ್ಕೆ 12. ಇಷ್ಟು ಬರೆದಿದ್ದರೆ ಎರಡನೇ ಸುತ್ತಿನಲ್ಲಿ ಅರ್ಧ ಗಂಟೆ ಉಳಿಯುತ್ತದೆ.

ಏರಿಕೆ ನಿಲ್ಲುವ ವರ್ಷಕ್ಕೂ ಇಳಿಕೆ ಶುರುವಾಗುವ ವರ್ಷಕ್ಕೂ ನಡುವಿನ ಅಂತರವನ್ನು ಯಾರೂ ಗಮನಿಸುವುದಿಲ್ಲ. 2030ಕ್ಕೆ ನಿಲ್ಲಿಸಿ 2040ಕ್ಕೆ ಇಳಿಸುತ್ತೇವೆ ಎಂದರೆ ಆ ಹತ್ತು ವರ್ಷ ಗರಿಷ್ಠ ಮಟ್ಟದಲ್ಲೇ ಹೊಗೆ ಸುರಿಯುತ್ತಿರುತ್ತದೆ. ಆಗ ‘ನಿಲ್ಲಿಸಿದೆವಲ್ಲ, ತಾಪ ಏಕೆ ಏರುತ್ತಿದೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಇಡೀ ಆಟದಲ್ಲಿ ಬೋಧಕರು ನಿಧಾನಿಸಬೇಕಾದ ಜಾಗವೂ ಇದೇ. ಮಹಡಿಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿ. ನಲ್ಲಿಯ ರಭಸ ಹೆಚ್ಚುವುದು ನಿಂತರೆ ಟ್ಯಾಂಕ್ ತುಂಬುವುದು ನಿಲ್ಲುವುದಿಲ್ಲ; ಹೊರಹೋಗುವ ನೀರಿಗಿಂತ ಒಳಬರುವುದು ಕಡಿಮೆಯಾಗುವವರೆಗೂ ಮಟ್ಟ ಏರುತ್ತದೆ. ಕಡಲು, ಕಾಡು, ಮಣ್ಣು ಸೇರಿ ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಅರ್ಧವನ್ನು ಹೀರುತ್ತವೆ, ಮಿಕ್ಕದ್ದು ವಾತಾವರಣದಲ್ಲಿ ಉಳಿಯುತ್ತದೆ. ಸಿ-ರೋಡ್ಸ್‌ನಲ್ಲಿ ಹೊರಸೂಸುವಿಕೆಯ ಗ್ರಾಫ್ ಒಂದು ಕಡೆ, ವಾತಾವರಣದಲ್ಲಿನ ಸಾಂದ್ರತೆಯ ಗ್ರಾಫ್ ಇನ್ನೊಂದು ಕಡೆ ಇಟ್ಟು ತೋರಿಸಿ. ಒಂದು ಗೆರೆ ಸಮತಟ್ಟಾಗಿರುವಾಗ ಇನ್ನೊಂದು ಏರುತ್ತಲೇ ಇರುವುದು ಕಣ್ಣಿಗೆ ಕಂಡ ಮೇಲೆ ಉಪನ್ಯಾಸ ಬೇಕಾಗುವುದಿಲ್ಲ.

ಕಾಡಿನ ಖಾನೆ ನಮ್ಮವರಿಗೆ ನಿರಾಸೆ ತರುತ್ತದೆ. ಎಲ್ಲ ದೇಶಗಳೂ ಗಿಡ ನೆಡುವುದಕ್ಕೆ 100 ಒತ್ತಿದರೂ ಇಳಿಯುವುದು ಡಿಗ್ರಿಯ ಹತ್ತನೇ ಒಂದೆರಡು ಭಾಗ. ಮರ ದೊಡ್ಡದಾಗಿ ಇಂಗಾಲ ಹಿಡಿಯಲು ದಶಕಗಳು ಬೇಕು, ಜಾಗವೂ ವಿಪರೀತ ಬೇಕು. ಎನ್ನೆಸ್ಸೆಸ್ ಶಿಬಿರದಲ್ಲಿ ಸಸಿ ನೆಟ್ಟವರ ಮುಖ ಸಪ್ಪಗಾಗುತ್ತದೆ. ಆಗ ಒಂದು ಮಾತು ಸೇರಿಸಿ: ಗಿಡ ನೆಡುವುದಕ್ಕೆ ನೆರಳು, ನೀರು, ಮಣ್ಣು, ಹಕ್ಕಿ ಎಂಬ ಬೇರೆ ಕಾರಣಗಳು ಬೇಕಾದಷ್ಟಿವೆ, ಕಲ್ಲಿದ್ದಲಿನ ಲೆಕ್ಕ ತೀರಿಸುವ ಕೆಲಸ ಮಾತ್ರ ಅದರಿಂದ ಆಗದು.

ಭಾರತದ ಗುಂಪಿಗೆ ಸಿಗುವ ಒಳ್ಳೆಯ ಆಯುಧ ತಲಾ ಲೆಕ್ಕ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಚೀನಾದಲ್ಲಿ ಸುಮಾರು 8, ನಮ್ಮಲ್ಲಿ 2ರ ಆಸುಪಾಸು. ಇದುವರೆಗೆ ಜಗತ್ತು ಬಿಟ್ಟ ಒಟ್ಟು ಹೊಗೆಯಲ್ಲಿ ಅಮೆರಿಕದ ಪಾಲು ಸುಮಾರು ಕಾಲು ಭಾಗ, ಭಾರತದ್ದು ಶೇ 3ರಿಂದ 4. ಸಾಧನದಲ್ಲಿ ತಲಾ ಮತ್ತು ಒಟ್ಟು ಎರಡೂ ಗ್ರಾಫ್ ಇವೆ, ತೆರೆದು ತೋರಿಸಲು ಹೇಳಿ. ಇಷ್ಟು ವಾದ ಮಾಡಿ ಗೆದ್ದ ಮೇಲೆ ಬೋಧಕರು ಇನ್ನೊಂದು ಕೆಲಸ ಮಾಡಬೇಕು: ಶ್ರೀಮಂತ ದೇಶಗಳ ಖಾನೆಗಳಲ್ಲೆಲ್ಲ ಶೇ 10 ತುಂಬಿ, ಚೀನಾ, ಭಾರತ ಮತ್ತು ಉಳಿದ ಬಡ ದೇಶಗಳನ್ನು ಹಾಗೇ ಬಿಟ್ಟು ಫಲಿತಾಂಶ ತೋರಿಸಬೇಕು. 2 ಡಿಗ್ರಿ ಆಗಲೂ ದಾಟಿರುತ್ತದೆ. ನ್ಯಾಯ ನಮ್ಮ ಕಡೆ ಇದ್ದೂ ಲೆಕ್ಕ ನಮ್ಮನ್ನು ಬಿಡುವುದಿಲ್ಲ. ಈ ಇಕ್ಕಟ್ಟು ಪಠ್ಯಪುಸ್ತಕದ ಒಂದು ಪುಟದಲ್ಲೂ ಇಷ್ಟು ಮೊನಚಾಗಿ ಬರುವುದಿಲ್ಲ, ಆಟದ ನಿಜವಾದ ಬೆಲೆ ಇದು.

ಸಿದ್ಧತೆಗೆ ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಆರು ಹೆಸರಿನ ಹಲಗೆ, ಪ್ರಸ್ತಾವದ ಹಾಳೆಗಳು ಗುಂಪಿಗೆ ಮೂರರಂತೆ, ಒಂದು ನೀಲಿ ಟಾರ್ಪಾಲು ಅಥವಾ ದೊಡ್ಡ ಬೆಡ್‌ಶೀಟ್ ಇದ್ದರೆ ಆಯಿತು. ಶ್ರೀಮಂತ ದೇಶಗಳ ಮೇಜಿಗೆ ಬಟ್ಟೆ ಹಾಸಿ, ಬಿಸ್ಕೆಟ್, ಖಾರ, ಜ್ಯೂಸ್ ಇಡಬೇಕು. ಚೀನಾ, ಭಾರತಕ್ಕೆ ಮೇಜು ಕುರ್ಚಿ, ಒಂದೊಂದು ನೀರಿನ ಬಾಟಲಿ. ಉಳಿದ ಬಡ ದೇಶದವರು ನೆಲದ ಮೇಲೆ. ಕೇಳಲು ನಾಟಕ ಅನ್ನಿಸುತ್ತದೆ, ಆದರೆ ಹತ್ತು ನಿಮಿಷದಲ್ಲಿ ನೆಲದವರ ಧಾಟಿಯೇ ಬದಲಾಗುತ್ತದೆ. ಬಿಸ್ಕೆಟ್ ಖಾಲಿಯಾಗುವ ಮುಂಚೆ ಅಮೆರಿಕದವರು ಅದನ್ನು ಕೊಟ್ಟು ಮತ ಕೊಳ್ಳಲು ನೋಡುತ್ತಾರೆ, ತಡೆಯಬೇಡಿ.

ಇಂಟರ್ನೆಟ್ ಬಗ್ಗೆ ಭಯ ಬೇಡ. ಪುಟ ಒಮ್ಮೆ ಪೂರ್ತಿ ತೆರೆದುಕೊಂಡರೆ ಲೆಕ್ಕವೆಲ್ಲ ನಿಮ್ಮ ಬ್ರೌಸರ್‌ನಲ್ಲೇ ನಡೆಯುತ್ತದೆ. ನಡುವೆ ವೈಫೈ ಹೋದರೂ ಅಂಕಿ ಬದಲಿಸಬಹುದು, ಪುಟವನ್ನು ರಿಫ್ರೆಶ್ ಮಾತ್ರ ಮಾಡಬಾರದು. ಕರೆಂಟಿನ ಕಥೆ ಬೇರೆ, ಪ್ರೊಜೆಕ್ಟರಿಗೆ ಯುಪಿಎಸ್ ಇರುವ ಕೊಠಡಿ ಹಿಡಿಯಿರಿ. ತಾಪಮಾನ ಸೆಲ್ಸಿಯಸ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿ. ವಿದ್ಯಾರ್ಥಿಗಳ ಮೊಬೈಲ್‌ನಲ್ಲಿ ಆಡಿಸುವ ಯೋಚನೆ ಬಿಡಿ. ಚಿಕ್ಕ ಪರದೆಯಲ್ಲಿ ಗ್ರಾಫ್ ಓದಲಾಗುವುದಿಲ್ಲ, ಮತ್ತು ಎಲ್ಲರೂ ಒಂದೇ ಪರದೆ ನೋಡುತ್ತಾ ಉಸಿರು ಬಿಗಿಹಿಡಿಯುವ ಕ್ಷಣ ಕೈತಪ್ಪುತ್ತದೆ.

ಅಂಕಿ ತುಂಬುವಾಗ ಅವಸರ ಮಾಡುವವರೇ ಹೆಚ್ಚು. ಆರೂ ಗುಂಪಿನದನ್ನು ಒಟ್ಟಿಗೆ ತುಂಬಿ ಕೊನೆಯ ಉತ್ತರ ತೋರಿಸಿದರೆ ಯಾವ ದೇಶದಿಂದ ಎಷ್ಟು ಇಳಿಯಿತು ಎಂಬುದೇ ಗೊತ್ತಾಗುವುದಿಲ್ಲ. ಒಂದೊಂದೇ ದೇಶ ತುಂಬಿ, ಒತ್ತುವ ಮುಂಚೆ ‘ಎಷ್ಟಕ್ಕೆ ಇಳಿಯಬಹುದು’ ಎಂದು ತರಗತಿಯನ್ನು ಕೇಳಿ. ಊಹೆ ಯಾವಾಗಲೂ ನಿಜಕ್ಕಿಂತ ಆಶಾವಾದಿ. ತುಂಬುವ ಕೆಲಸ ಬೋಧಕರು ಮಾಡಬಾರದು. ಬೆರಳು ಚುರುಕಿರುವ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಬೋಧಕರು ತರಗತಿಯ ಮುಖ ನೋಡುತ್ತಾ ನಿಲ್ಲಲಿ.

ಸಮಯ ಒಟ್ಟು ಎರಡೂವರೆ ಗಂಟೆ ಬೇಕು: ಪರಿಚಯಕ್ಕೆ 15 ನಿಮಿಷ, ಮೊದಲ ಮಾತುಕತೆಗೆ 20, ಪ್ರತಿ ಗುಂಪಿನ ಎರಡು ನಿಮಿಷದ ಭಾಷಣ ಮತ್ತು ಫಲಿತಾಂಶಕ್ಕೆ 25, ಎರಡನೇ ಸುತ್ತಿಗೆ 40, ಮಿಕ್ಕದ್ದು ಕೊನೆಯ ಚರ್ಚೆಗೆ. ಒಂದು ಗಂಟೆಯ ಪೀರಿಯಡ್‌ನಲ್ಲಿ ತುರುಕಲು ಹೋದರೆ ಚರ್ಚೆಗೇ ಕತ್ತರಿ ಬೀಳುತ್ತದೆ. ಲ್ಯಾಬ್ ಸ್ಲಾಟ್ ಕೇಳಿ. ಎರಡು ದಿನಕ್ಕೆ ಒಡೆಯಲೇಬೇಕಾದರೆ ಮೊದಲ ಸುತ್ತಿನ ಫಲಿತಾಂಶ ಬಂದ ಕೂಡಲೇ ನಿಲ್ಲಿಸಿ. ರಾತ್ರಿಯೆಲ್ಲಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚೌಕಾಸಿ ನಡೆದು ಮರುದಿನ ಎರಡನೇ ಸುತ್ತು ಕಾವೇರಿರುತ್ತದೆ.

ನೀಲಿ ಬೆಡ್‌ಶೀಟಿನ ವಿಚಾರದಲ್ಲಿ ಎಚ್ಚರ ಬೇಕು. ಮೊದಲ ಸುತ್ತು ಸೋತಾಗ, ಸಮುದ್ರ ಮಟ್ಟ ಏರಿದ್ದನ್ನು ತೋರಿಸಲು ನೆಲದಲ್ಲಿ ಕೂತವರ ತಲೆಯ ಮೇಲೆ ಅದನ್ನು ಹೊದಿಸುವುದು ಆಟದ ರೂಢಿ. ಎಲ್ಲರೂ ನಗುತ್ತಾರೆ, ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ 2018ರ ಕೊಡಗಿನ ಭೂಕುಸಿತದಲ್ಲೋ 2019ರ ಕೃಷ್ಣಾ ಪ್ರವಾಹದಲ್ಲೋ ಮನೆ ಕಳೆದುಕೊಂಡ ಮನೆತನದ ಮಕ್ಕಳು ಆ ಬಟ್ಟೆಯ ಕೆಳಗೆ ಕೂತಿರಬಹುದು. ಮಡಿಕೇರಿ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ತಲೆಯ ಮೇಲೆ ಹೊದಿಸದೆ, ನೆಲದ ಮೇಲೆ ಗೆರೆಯವರೆಗೆ ಹಾಸಿ ‘ಇಲ್ಲಿಯವರೆಗೆ ನೀರು’ ಎಂದರೆ ಸಾಕು.

ಈಗ ದೊಡ್ಡ ದೋಷಕ್ಕೆ ಬರೋಣ. ಸಿ-ರೋಡ್ಸ್‌ನಲ್ಲಿ ಮಾತು ಕೊಡುವುದಕ್ಕೆ ಖರ್ಚಿಲ್ಲ. ಕೊನೆಯ ಸುತ್ತಿನ ಹೊತ್ತಿಗೆ ಹಸಿದ ವಿದ್ಯಾರ್ಥಿಗಳು ಎಲ್ಲದಕ್ಕೂ ಶೇ 10, ಎಲ್ಲದಕ್ಕೂ 100 ಎಂದು ಬರೆದು ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಶೇ 10 ಎಂದರೆ ಯಾವ ಸ್ಥಾವರ ಮುಚ್ಚುವುದು, ಯಾರ ಕೆಲಸ ಹೋಗುವುದು ಎಂದು ಸಾಧನ ಕೇಳುವುದಿಲ್ಲ, ಬೋಧಕರೇ ಕೇಳಬೇಕು. ಭಾರತದ ಗುಂಪಿಗೆ ಕೇಳಿ: ಶಕ್ತಿನಗರದ 1,720 ಮೆಗಾವಾಟ್ ಉಷ್ಣ ಸ್ಥಾವರವನ್ನು ಯಾವ ವರ್ಷ ನಿಲ್ಲಿಸುತ್ತೀರಿ? ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಇದೆ, ಸರಿ; ಸಂಜೆ ಏಳಕ್ಕೆ ಪಂಪ್‌ಸೆಟ್‌ಗೂ ಬೆಂಗಳೂರಿಗೂ ಏನು ಕೊಡುತ್ತೀರಿ? ನೀರು ಮೇಲೆತ್ತಿ ಸಂಗ್ರಹಿಸೋಣ ಎಂದರೆ ಶರಾವತಿ ಕಣಿವೆಯ 2,000 ಮೆಗಾವಾಟ್ ಯೋಜನೆಯ ಹೆಸರು ಹೇಳಿ ಸಿಂಗಳೀಕಗಳ ಅಭಯಾರಣ್ಯವನ್ನು ನೆನಪಿಸಿ. ಇದಕ್ಕೆ ಉತ್ತರ ಕೊಡದ ಅಂಕಿಯನ್ನು ಪರದೆಗೆ ತುಂಬಬೇಡಿ.

ಎನ್-ರೋಡ್ಸ್ ಕೆಲಸಕ್ಕೆ ಬರುವುದು ಇಲ್ಲಿ, ಮುಂದಿನ ವಾರದ ಒಂದು ಗಂಟೆಗೆ. ಅದರಲ್ಲಿ ದೇಶದ ಬದಲು ಉಪಾಯಗಳ ಸ್ಲೈಡರ್‌ಗಳಿವೆ: ಕಲ್ಲಿದ್ದಲು, ತೈಲ, ಅನಿಲ, ನವೀಕರಿಸಬಹುದಾದ ಇಂಧನ, ಅಣುಶಕ್ತಿ, ಇಂಗಾಲದ ಬೆಲೆ (ಬಿಡುವ ಇಂಗಾಲಕ್ಕೆ ಹಾಕುವ ಶುಲ್ಕ), ವಾಹನ, ಕಟ್ಟಡ, ಕಾಡು, ಮೀಥೇನ್, ಜನಸಂಖ್ಯೆ ಇತ್ಯಾದಿ. ಸೌರ-ಪವನಕ್ಕೆ ಸಬ್ಸಿಡಿ ಪೂರ್ತಿ ಎಳೆದರೂ ತಾಪ ಅಂದುಕೊಂಡಷ್ಟು ಇಳಿಯುವುದಿಲ್ಲ, ಏಕೆಂದರೆ ಅಗ್ಗದ ವಿದ್ಯುತ್ ಬಳಕೆಯನ್ನೂ ಹೆಚ್ಚಿಸುತ್ತದೆ, ಕಟ್ಟಿಯಾಗಿರುವ ಕಲ್ಲಿದ್ದಲು ಸ್ಥಾವರ ಮೂವತ್ತು ವರ್ಷ ಓಡುತ್ತಲೇ ಇರುತ್ತದೆ. ಕಲ್ಲಿದ್ದಲಿಗೆ ತೆರಿಗೆ ಹಾಕಿದರೆ ಗ್ರಾಫ್‌ನಲ್ಲಿ ಅನಿಲದ ಪಟ್ಟೆ ಕೊಂಚ ಊದಿಕೊಳ್ಳುತ್ತದೆ. ಇಂಗಾಲಕ್ಕೆ ಬೆಲೆ ಕಟ್ಟಿ, ದಕ್ಷತೆ ಹೆಚ್ಚಿಸಿ, ಮೀಥೇನ್ ಇಳಿಸಿದಾಗ ಗೆರೆ ನಿಜವಾಗಿ ಬಾಗುತ್ತದೆ. ‘ಹೊಸ ತಂತ್ರಜ್ಞಾನ ಬಂದು ಎಲ್ಲ ಸರಿಹೋಗುತ್ತದೆ’ ಎನ್ನುವವರಿಗೆ ಹೊಸ ಶೂನ್ಯ-ಇಂಗಾಲ ಇಂಧನದ ಸ್ಲೈಡರ್ ಕೊಡಿ. ಅದು ಮಾರುಕಟ್ಟೆಗೆ ಬಂದು ಹಳೆಯದನ್ನು ತಳ್ಳುವ ಹೊತ್ತಿಗೆ ಶತಮಾನ ಮುಗಿಯುತ್ತಾ ಬಂದಿರುತ್ತದೆ. ಪ್ರತಿ ಸ್ಲೈಡರ್ ಪಕ್ಕದ ಮೂರು ಚುಕ್ಕಿ ಒತ್ತಿದರೆ ವಿವರ ತೆರೆಯುತ್ತದೆ. ಕೊನೆಯ ಬದಲಾವಣೆಯನ್ನು ಮತ್ತೆ ಓಡಿಸಿ ತೋರಿಸುವ ಗುಂಡಿ ತರಗತಿಯಲ್ಲಿ ತುಂಬಾ ಉಪಯುಕ್ತ. ವಿದ್ಯಾರ್ಥಿಗಳು ತಮ್ಮ ಯೋಜನೆಯ ಲಿಂಕ್ ನಕಲು ಮಾಡಿ ಅಸೈನ್‌ಮೆಂಟ್ ಆಗಿ ಕಳಿಸಬಹುದು.

ಭಾಷೆಗೆ ಅಂಕ ಕಡಿಮೆ. ಪರದೆಯ ಇಂಗ್ಲಿಷ್ ಹೇಗೋ ನಡೆಯುತ್ತದೆ, ಆದರೆ ಗುಂಪುಗಳಿಗೆ ಕೊಡುವ ಮಾಹಿತಿ ಪತ್ರಗಳು ಇಂಗ್ಲಿಷ್‌ನಲ್ಲೇ ಇದ್ದರೆ ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಇಪ್ಪತ್ತು ನಿಮಿಷ ಬಾಯಿ ಬಿಡುವುದಿಲ್ಲ. ಆರೂ ಪತ್ರಗಳ ಸಾರವನ್ನು ತಲಾ ಅರ್ಧ ಪುಟಕ್ಕೆ ಕನ್ನಡದಲ್ಲಿ ಬರೆದುಕೊಂಡು, ಮಾತುಕತೆ ಕನ್ನಡದಲ್ಲೇ ನಡೆಯಲಿ ಎಂದು ಮೊದಲೇ ಹೇಳಿ. ಚೌಕಾಸಿ ಮಾಡಲು ಮನೆಮಾತಿಗಿಂತ ಒಳ್ಳೆಯ ಭಾಷೆ ಇಲ್ಲ, ಮಾಡೆಲ್ ಯುಎನ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಉಳಿಯುವವರು ಇಲ್ಲಿ ಮುಂದೆ ಬರುತ್ತಾರೆ.

ಆಟದಿಂದ ಲಾಭವಿದೆಯೇ ಎಂಬುದಕ್ಕೆ ಸಾಕ್ಷಿಯೂ ಇದೆ. 2018ರಲ್ಲಿ ಪ್ಲೋಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಎಂಟು ದೇಶಗಳ 39 ಆಟಗಳಲ್ಲಿ 2,042 ಮಂದಿಯನ್ನು ನೋಡಿತು. ಶೇ 81 ಮಂದಿಯಲ್ಲಿ ಏನಾದರೂ ಮಾಡಬೇಕೆಂಬ ಇಚ್ಛೆ ಹೆಚ್ಚಿತ್ತು. ಆಟ ರೂಪಿಸಿದವರಲ್ಲಿ ಕೆಲವರೇ ಅದರ ಲೇಖಕರು, ಆದ್ದರಿಂದ ಕೊಂಚ ಅನುಮಾನ ಇಟ್ಟುಕೊಂಡೇ ಓದಬೇಕು.

ಇಚ್ಛೆಯ ಜೊತೆಗೆ ಕಳವಳವೂ ಹೆಚ್ಚುತ್ತದೆ, ಅದನ್ನು ಮರೆಯುವವರೇ ಜಾಸ್ತಿ. 2021ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಲಾಗಿತ್ತು. ಶೇ 59 ಮಂದಿ ಹವಾಮಾನದ ಬಗ್ಗೆ ಬಹಳ ಅಥವಾ ವಿಪರೀತ ಚಿಂತೆ ಎಂದರು, ಶೇ 45ಕ್ಕಿಂತ ಹೆಚ್ಚು ಮಂದಿ ಅದು ದಿನದ ಬದುಕನ್ನೇ ಕೆಡಿಸುತ್ತಿದೆ ಎಂದರು. ಪರದೆಯ ಮೇಲೆ 3 ಡಿಗ್ರಿ ದಾಟಿದ ಅಂಕಿ ತೋರಿಸಿ ಗಂಟೆ ಹೊಡೆಯಿತೆಂದು ಎದ್ದುಹೋಗುವುದು ಸರಿಯಲ್ಲ. ಕೊನೆಯ ಚರ್ಚೆಗೆ ಅರ್ಧ ಗಂಟೆಗಿಂತ ಕಡಿಮೆ ಇಡಬೇಡಿ. ಮೊದಲು ಲೆಕ್ಕ ಕೇಳಬೇಡಿ, ಹೇಗನ್ನಿಸಿತು ಎಂದು ಕೇಳಿ, ಅದೂ ಪಕ್ಕದವರೊಂದಿಗೆ ಇಬ್ಬಿಬ್ಬರಾಗಿ ಮಾತಾಡಲು ಬಿಡಿ. ಎಲ್ಲರ ಮುಂದೆ ಹೇಳಲು ಯಾರನ್ನೂ ಎಬ್ಬಿಸಬೇಡಿ. ಆಮೇಲೆ, ಗುರಿ ಮುಟ್ಟಿದ ಒಂದು ಸನ್ನಿವೇಶವನ್ನು ತರಗತಿಯೇ ಕಟ್ಟುವವರೆಗೆ ಅಂಕಿ ಬದಲಿಸುತ್ತಾ ಹೋಗಿ. ‘ನನ್ನಿಂದ ಏನಾಗುತ್ತದೆ’ ಎಂಬ ಪ್ರಶ್ನೆಗೆ ಪ್ಲಾಸ್ಟಿಕ್ ಸ್ಟ್ರಾ ಬಿಡಿ ಎಂಬ ಉತ್ತರ ಕೊಟ್ಟರೆ ಎರಡೂವರೆ ಗಂಟೆ ನೀರಿಗೆ ಹಾಕಿದಂತೆ; ಕಾಲೇಜಿನ ವಿದ್ಯುತ್ ಬಿಲ್, ಚಾವಣಿಯ ಸೌರ ಫಲಕ, ಬಸ್ ಪಾಸ್, ಗ್ರಾಮಸಭೆ ಇವುಗಳ ಕಡೆ ತಿರುಗಿಸಿ. ಯಾರಿಗಾದರೂ ಕಳವಳ ದಿನಗಟ್ಟಲೆ ಬಿಡದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಉಚಿತ ಸೇವೆಯ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು, ಕನ್ನಡದಲ್ಲೂ ಮಾತಾಡುತ್ತಾರೆ.

ಒಟ್ಟು ಖರ್ಚು ಬಿಸ್ಕೆಟ್, ಜ್ಯೂಸ್ ಮತ್ತು ಜೆರಾಕ್ಸ್. ಪರಿಸರ ಅಧ್ಯಯನ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಹೇಳುವವರು ಒಟ್ಟಾಗಿ ನಡೆಸಿದರೆ ಒಳ್ಳೆಯದು. ಒಬ್ಬರೇ ನಡೆಸುವುದಾದರೆ ಮೊದಲು ಎಂಟು ಹತ್ತು ಮಂದಿ ಸಹೋದ್ಯೋಗಿಗಳೊಂದಿಗೆ ಸ್ಟಾಫ್ ರೂಮಿನಲ್ಲೇ ಒಂದು ಸುತ್ತು ಆಡಿ ನೋಡಿ. ಪಿಯುಸಿಗೆ ಸ್ವಲ್ಪ ಭಾರ, ಮೂರು ಗುಂಪಿನ ಆವೃತ್ತಿ ಸಾಕು. ಸಾಧನದ ಮೂಲ ಲೆಕ್ಕ ಆಗಾಗ ಪರಿಷ್ಕರಣೆಯಾಗುತ್ತದೆ, ಕಳೆದ ವರ್ಷದ ಸ್ಲೈಡಿನ ಅಂಕಿಗೂ ಈ ವರ್ಷದ ಪರದೆಗೂ ಹೊಂದದೆ ತರಗತಿಯಲ್ಲಿ ತಡವರಿಸಬೇಕಾದೀತು. ಹಿಂದಿನ ರಾತ್ರಿ ಪುಟ ತೆರೆದು, ಯಾವ ಕ್ರಮವೂ ಇಲ್ಲದಾಗ 2100ರಲ್ಲಿ ಎಷ್ಟು ತೋರಿಸುತ್ತದೆ ಎಂದು ನೋಡಿ ಬರೆದುಕೊಳ್ಳಿ.